ಸ್ಪ್ರಿಂಗ್ ಸೌತೆಕಾಯಿ

ಮಗಳು ಫೋನಿನಲ್ಲಿ "ಅಪ್ಪಾ, ನಿನಗೆ ಕೊರಿಯಾದವರ ಖಾರದ ಸೌತೆಕಾಯಿ ಮಾಡೋಕೆ ಬರುತ್ತಾ?" ಎಂದು ಕೇಳಿದಾಗ ಟೈಲರ್ "ಓ, ಬರುತ್ತಲ್ಲ!" ಎಂದುಬಿಟ್ಟ. ಬರುವುದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಸ್ಪ್ರಿಂಗ್ ಥರ ಎಳೆದ್ರೆ ಉದ್ದ ಆಗಬೇಕು. ಆದ್ರೆ ತುಂಡಾಗಬಾರದು. ಕೆಂಪಗಿರಬೇಕು. ವಿಡಿಯೋದಲ್ಲಿ ಹಾಗೇ ಇದೆ."

"ಅಷ್ಟೇ ತಾನೆ? ಭಾನುವಾರ ಬಾ. ನಿಮ್ಮಪ್ಪ ಎಂಥೆಂಥವರ ಹೊಟ್ಟೆ ಅಳತೆ ತಗೊಂಡಿದಾನೆ, ಒಂದು ಸೌತೆಕಾಯಿ ಯಾವ ಲೆಕ್ಕ?"

ಫೋನಿಟ್ಟ. ಅವನಿಗೆ ಬರುತ್ತಿದ್ದ ಅಡುಗೆ ಎರಡು. ಒಂದು ಅನ್ನ. ಇನ್ನೊಂದು ಬಿಸಿನೀರು.

ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮೊದಲ ಮೂರು ತಿಂಗಳು ಅಪ್ಪ ಮಗಳು ಇಬ್ಬರೂ ಬ್ರೆಡ್ಡು ಬಾಳೆಹಣ್ಣಿನ ಮೇಲೆ ದಿನ ದೂಡಿದರು. ಅಷ್ಟರಲ್ಲಿ ಮಗು ಸೊರಗುತ್ತಿದೆ ಎಂದು ಶಾಲೆಯಿಂದ ಚೀಟಿ ಬಂತು. ಚೀಟಿಯ ಹಿಂದೆಯೇ ಅತ್ತೆ ಬಂದರು. ಅವರು ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ, ದಿನಕ್ಕೆ ಇನ್ನೂರು ಜನರಿಗೆ ಅಡುಗೆ ಮಾಡಿಸಿ ನಿವೃತ್ತರಾದವರು. ಮೊಮ್ಮಗಳ ಪಕ್ಕೆಲುಬಿನ ಮೇಲೆ ಕೈಯಾಡಿಸಿದರು, ಅವಳ ಬಟ್ಟೆಯನ್ನೆಲ್ಲ ಒಂದು ಬ್ಯಾಗಿಗೆ ತುಂಬಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದರು: "ಅಳಿಯಂದ್ರೇ, ನಿಮ್ಮ ಕೈಯಾರೆ ಮಾಡಿದ ಅಡುಗೇನ ಈ ಮಗು ತಟ್ಟೆ ಖಾಲಿಯಾಗೋ ಹಾಗೆ ತಿಂದ ದಿನ, ಬ್ಯಾಗು ಇಲ್ಲೇ ಬಿಟ್ಟು ಹೋಗ್ತೀನಿ. ನನ್ನ ಮಾತು ಅಂದ್ರೆ ಮಾತು."

ಈ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮಗು ಬರುತ್ತದೆ. ಬ್ಯಾಗೂ ಬರುತ್ತದೆ. ಉಳಿದದ್ದು ಸೌತೆಕಾಯಿಯ ಕೈಯಲ್ಲಿತ್ತು.

ಬೆಳಗ್ಗೆ ಎಂಟಕ್ಕೆ ಅವನು ಆರು ಎಳೆ ಸೌತೆಕಾಯಿ ತೊಳೆದು ಸಾಲಾಗಿ ಮಲಗಿಸಿದ. ಅಡುಗೆಮನೆಯ ಗೂಡುಗಳೆಲ್ಲ ಹೆಂಡತಿಯ ಕೈಯ ಎತ್ತರಕ್ಕೆ ಮಾಡಿಸಿದ್ದು. ಇವನು ಉದ್ದನೆಯ ಆಳು. ಹಾಗಾಗಿ ಕೆಲಸಕ್ಕೆ ಮೊದಲೇ ಎರಡು ಸಲ ಹಣೆ ಬಡಿಸಿಕೊಂಡ. ಆಮೇಲೆ ವಿಡಿಯೋ ಹಾಕಿ ನೋಡಿದ. ಕಾಯಿಯ ಎರಡೂ ಪಕ್ಕಕ್ಕೆ ಒಂದೊಂದು ಕಡ್ಡಿ ಇಟ್ಟು ಕೊಯ್ಯಬೇಕು. ಚಾಕು ಕಡ್ಡಿಗೆ ತಗುಲಿ ನಿಲ್ಲುತ್ತದೆ, ಕಾಯಿ ತುಂಡಾಗುವುದಿಲ್ಲ. ಮೇಲೆ ನೇರ ಗೀರು, ತಿರುಗಿಸಿ ಓರೆ ಗೀರು. ಎಳೆದರೆ ಸ್ಪ್ರಿಂಗು.

ಇದು ಅವನಿಗೆ ಅರ್ಥವಾಗುವ ಭಾಷೆ. ಎರಡು ಪೆನ್ಸಿಲ್ ತಂದಿಟ್ಟ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ಬಿಚ್ಚಿ ಕಾಯಿಯ ಉದ್ದ ನೋಡಿದ: ಏಳೂಕಾಲು ಇಂಚು. ಕೈ ತಾನಾಗಿ ಜೇಬಿಗೆ ಹೋಯಿತು. ನೀಲಿ ಸೀಮೆಸುಣ್ಣ ತೆಗೆದು ಕಾಯಿಯ ಮೈಮೇಲೆ ಕಾಲು ಇಂಚಿಗೊಂದರಂತೆ ಗುರುತು ಹಾಕಿ ಚಾಕು ಎತ್ತಿದ.

"ಅಯ್ಯೋ ದೇವರೇ! ಮಗೂಗೆ ಸುಣ್ಣ ತಿನ್ನಿಸ್ತೀಯೇನಪ್ಪ?"

ಕಿಟಕಿಯಲ್ಲಿ ಪಕ್ಕದ ಮನೆಯ ನರ್ಸಕ್ಕ ನಿಂತಿದ್ದಳು. ಆ ಮಹಡಿಯಲ್ಲಿ ಒಂದೇ ಉದ್ದ ಮೊಗಸಾಲೆಗೆ ನಾಲ್ಕು ಮನೆ, ಎಲ್ಲರ ಅಡುಗೆಮನೆಯ ಕಿಟಕಿಯೂ ಅದಕ್ಕೇ ತೆರೆಯುತ್ತಿತ್ತು. ಒಬ್ಬರು ಸೀನಿದರೆ ಇನ್ನೊಬ್ಬರು ಮೂಗು ಒರೆಸಿಕೊಳ್ಳುವಷ್ಟು ಹತ್ತಿರ. ಹೆಂಡತಿ ಹೋದ ಮೇಲಂತೂ ಇವನಿಗೆ ಒಂಟಿಯಾಗಿ ಒಂದು ನಿಟ್ಟುಸಿರು ಬಿಡಲಿಕ್ಕೂ ಅವರು ಅವಕಾಶ ಕೊಟ್ಟಿರಲಿಲ್ಲ.

ನರ್ಸಕ್ಕನ ಕೂಗಿಗೆ ಅವನು ಬೆಚ್ಚಿದ, ಚಾಕು ಜಾರಿತು. ಪೆನ್ಸಿಲ್ ಎರಡು ತುಂಡು. ಕಾಯಿಯೂ ಎರಡು ತುಂಡು.

"ನೋಡಿದ್ಯಾ? ನಾನು ಹೇಳಿದ ಹಾಗೇ ಆಯ್ತು," ಎಂದಳು ನರ್ಸಕ್ಕ. ಅವಳು ಹಾಗೇನೂ ಹೇಳಿರಲಿಲ್ಲ. ಒಳಗೇ ಬಂದು ಕೂತಳು.

ಸೀಮೆಸುಣ್ಣ ಜೇಬಿಗಿಟ್ಟು, ಕೈ ತೊಳೆದು, ಬರೀ ಕಣ್ಣಳತೆಯಲ್ಲಿ ಮೂರು ಕಾಯಿ ಕೊಯ್ದ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಸುಳ್ಳು ಹೇಳಲಿಲ್ಲ. ತುದಿ ಹಿಡಿದು ಎತ್ತಿದರೆ ಕಾಯಿ ಮೊಳದುದ್ದ ಇಳಿಯಿತು. ನರ್ಸಕ್ಕ ಬಾಯಿ ಬಿಟ್ಟು ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಟೈಲರನಿಗೆ ತಾನೇನೋ ಮಾಡಬಲ್ಲೆ ಅನ್ನಿಸಿತು. ಆ ಅನಿಸಿಕೆ ಹತ್ತು ನಿಮಿಷ ಬಾಳಿತು.

ಉಪ್ಪು ಸವರಿಟ್ಟ ಕಾಯಿ ನೀರು ಬಿಡುತ್ತಿದ್ದಾಗ ಮೂಲೆಮನೆಯ ಗಣಿತದ ಮೇಷ್ಟ್ರು ಬಂದರು. ಅವರ ಹಿಂದೆ ಎದುರುಮನೆಯ ಕರೆಂಟಣ್ಣ. ಮೇಷ್ಟ್ರು ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ಬೇರೆಯವರ ಲೆಕ್ಕ ತಿದ್ದುವುದನ್ನು ಬಿಟ್ಟಿರಲಿಲ್ಲ. ಕರೆಂಟಣ್ಣನಿಗೆ ಭಾನುವಾರ ವೈರಿಂಗ್ ಕೆಲಸವಿರುತ್ತಿರಲಿಲ್ಲ. ಉಳಿದ ದಿನವೂ ಅಷ್ಟಕ್ಕಷ್ಟೇ.

"ಮುಂದಿನ ಹಂತ ಏನು?" ಎಂದರು ಮೇಷ್ಟ್ರು.

"ಬೆಳ್ಳುಳ್ಳಿ, ಸೋಯಾ ಸಾಸು, ವಿನೆಗರು, ಚಿಟಿಕೆ ಸಕ್ಕರೆ, ಎಳ್ಳೆಣ್ಣೆ, ಹುರಿದ ಎಳ್ಳು ಎಲ್ಲಾ ಇದೆ ಮೇಷ್ಟ್ರೇ. ಕೊರಿಯಾದ ಮೆಣಸಿನಕಾಯಿ ಪುಡಿ ನಾಲ್ಕು ಚಮಚ ಅಂತಾರೆ. ಆ ಪುಡಿ ಯಾವ ಅಂಗಡೀಲೂ ಸಿಗಲಿಲ್ಲ."

"ಮೆಣಸಿನಕಾಯಿಗೆ ಪಾಸ್‌ಪೋರ್ಟ್ ಇರುತ್ತೇನಯ್ಯಾ? ಎಲ್ಲಾ ಮೆಣಸಿನಕಾಯೂ ಒಂದೇ. ನಾಲ್ಕು ಅಂದ್ರೆ ನಾಲ್ಕು."

"ನಮ್ಮನೇಲಿದೆ!" ಎಂದು ಕರೆಂಟಣ್ಣ ಓಡಿ ಹೋಗಿ ಒಂದು ಡಬ್ಬಿ ತಂದ. "ನಮ್ಮವಳು ತವರಿಂದ ತಂದದ್ದು. ನನ್ನ ಮೇಲೆ ಕೋಪ ಬಂದಾಗ ಮಾತ್ರ ಬಳಸ್ತಾಳೆ."

ಟೈಲರ್ ಕೈ ಹಿಂದೆಗೆದ. "ಜಾಸ್ತಿ ಆಗಲ್ವಾ ಮೇಷ್ಟ್ರೇ? ಎಂಟು ವರ್ಷದ ಮಗು..."

"ನೀನು ಪ್ಯಾಂಟಿಗೆ ಮೂವತ್ತೆರಡು ಇಂಚು ಸೊಂಟ ಅಂತ ಬರೆದಿದ್ರೆ ಇಪ್ಪತ್ತೆಂಟು ಇಡ್ತೀಯಾ?"

ಟೈಲರ್ ಡಬ್ಬಿಯ ಮುಚ್ಚಳ ತೆಗೆದ. ಮೇಷ್ಟ್ರೇ ನಾಲ್ಕು ಚಮಚ ಅಳೆದು ಹಾಕಿದರು, ಪ್ರತಿ ಚಮಚವನ್ನೂ ಬೆರಳಿನಿಂದ ಮಟ್ಟ ಮಾಡಿ. ಟೈಲರ್ ಕೈಹಾಕಿ ಕಲಸಿದ ಕೂಡಲೇ ಬಣ್ಣ ವಿಡಿಯೋದಲ್ಲಿದ್ದ ಹಾಗೇ ಬಂತು. ಎಲ್ಲರೂ ಸಂತೋಷಪಟ್ಟರು. ಕರೆಂಟಣ್ಣ ಒಂದು ಸುರುಳಿ ಎತ್ತಿ ಬಾಯಿಗಿಟ್ಟ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕರೆಂಟಣ್ಣ ಕೈ ಮೇಲೆತ್ತಿದ. ಇಳಿಸಿದ. ಬಾಯಿ ತೆರೆದ, ದನಿ ಬರಲಿಲ್ಲ. ಇಷ್ಟು ವರ್ಷ ಎಷ್ಟೋ ತಂತಿ ಮುಟ್ಟಿ ಬದುಕಿ ಬಂದ ಮನುಷ್ಯ ಈಗ ನಲ್ಲಿಯ ಕೆಳಗೆ ತಲೆ ಕೊಟ್ಟು ನಿಂತ.

"ಅವನಿಗೆ ಯಾವಾಗಲೂ ಅತಿ," ಎಂದು ಮೇಷ್ಟ್ರು ತಾವೊಂದು ತುಂಡು ತಿಂದರು. ಅವರಿಗೆ ಬಿಕ್ಕಳಿಕೆ ಹಿಡಿಯಿತು. ಒಂದೊಂದು ಬಿಕ್ಕಳಿಕೆಗೂ ಕನ್ನಡಕ ಅರ್ಧ ಇಂಚು ಕೆಳಗಿಳಿಯುತ್ತಿತ್ತು. ಇದನ್ನೆಲ್ಲ ನೋಡುತ್ತ ನಿಂತ ಟೈಲರ್ ನಿರಾಶೆಯಿಂದ ಮುಖ ಮುಚ್ಚಿಕೊಂಡ, ಖಾರದ ಪುಡಿ ಕಲಸಿದ ಅದೇ ಕೈಗಳಿಂದ.

ಅವನು ಕೂಗಿದ ಕೂಗಿಗೆ ಕೆಳಗಿನ ಬೀದಿಯಲ್ಲಿ ಸೈಕಲ್ಲೊಂದು ನಿಂತಿತು.

ನರ್ಸಕ್ಕ ಅವನನ್ನು ನೆಲದ ಮೇಲೆ ಮಲಗಿಸಿ ಕಣ್ಣಿಗೆ ಚೊಂಬುಗಟ್ಟಲೆ ನೀರು ಹುಯ್ದಳು. ಮಲಗಿದಲ್ಲಿಂದ ಅವನಿಗೆ ಗೋಡೆಯ ಗಡಿಯಾರ ಎರಡೆರಡಾಗಿ ಕಾಣುತ್ತಿತ್ತು. ಎರಡರಲ್ಲೂ ಹನ್ನೊಂದೂಮುಕ್ಕಾಲು.

"ಮುಗೀತು ಅಕ್ಕ," ಎಂದ ಅವನು. "ಅತ್ತೆ ಬರ್ತಾರೆ, ನೋಡ್ತಾರೆ, ಬ್ಯಾಗು ತಗೊಂಡು ಹೋಗ್ತಾರೆ. ಅವರು ಮಾಡೋದೇ ಸರಿ. ನನ್ನ ಕೈಲಿ ಒಂದು ಸೌತೆಕಾಯಿ ಕೂಡ ಬದುಕಲ್ಲ."

"ಎದ್ದೇಳು. ಇನ್ನೂ ಎರಡು ಕಾಯಿ ಇದೆಯಲ್ಲ. ವಾರ್ಡಿನಲ್ಲಿ ಇದಕ್ಕಿಂತ ಕೆಟ್ಟ ಕೇಸು ಎದ್ದು ನಡೆದುಹೋಗಿದೆ. ಬಣ್ಣಕ್ಕೆ ಸುಕ್ಕುಗಟ್ಟಿದ ಒಣ ಮೆಣಸಿನಕಾಯಿ ಸಾಕು, ಬೀಜ ತೆಗೆದ್ರೆ ಖಾರಾನೇ ಇರಲ್ಲ."

ಅವಳೇ ಹತ್ತು ಒಣ ಮೆಣಸಿನಕಾಯಿ ತಂದಳು. ಟೈಲರ್ ಗುಂಡಿಯ ಕಾಜಾ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದನ್ನೂ ಹೊಲಿಗೆ ಬಿಚ್ಚಿದ ಹಾಗೆ ಸೀಳಿ, ಬೀಜ ಉದುರಿಸಿ, ಬಿಸಿನೀರಲ್ಲಿ ನೆನೆಸಿ ಅರೆದ. ಬಿಸಿನೀರು ಮಾತ್ರ ಚೆನ್ನಾಗಿ ಬಂತು. ಮೇಷ್ಟ್ರು ಸಲಹೆ ಕೊಡಲು ಬಾಯಿ ತೆರೆದಾಗಲೆಲ್ಲ ಬಿಕ್ಕಳಿಕೆ ಬಂದು ಕಾಪಾಡುತ್ತಿತ್ತು. ಕೊನೆಯ ಎರಡು ಕಾಯಿ ಕೊಯ್ಯುವಾಗ ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬೆರಳುಗಳೇ ನೋಡಿ ಕೊಯ್ದವು. ಕಲಸಿ, ಎಳ್ಳು ಉದುರಿಸಿ, ಬಟ್ಟಲಿಗೆ ಇಳಿಸುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ನೆರೆಯವರು ಮೂವರೂ ಹೊರಗೆ ಹೋದರು. ಅಂದರೆ ಕಿಟಕಿಯ ಆಚೆಗೆ.

ಮಗಳು ಒಳಗೆ ಬಂದವಳೇ ಅವನ ಕೆಂಡದಂಥ ಕಣ್ಣು ನೋಡಿದಳು. "ಅಪ್ಪಾ, ಅತ್ತಿದ್ಯಾ?"

"ಇಲ್ಲ ಪುಟ್ಟಿ. ಅಡುಗೆ ಮಾಡಿದೆ."

ಅತ್ತೆ ಬ್ಯಾಗನ್ನು ಗೋಡೆಗೆ ಒರಗಿಸಿಟ್ಟು ಕುರ್ಚಿಯ ತುದಿಯಲ್ಲಿ ಕೂತರು. ಮೊದಲಿಗಿಂತ ಅರ್ಧ ಆಗಿದ್ದರು. ರವಿಕೆಯ ತೋಳು ಎರಡು ಇಂಚು ಸಡಿಲವಾಗಿದ್ದುದು ಟೈಲರನಿಗೆ ತಟ್ಟನೆ ಕಂಡಿತು. ಕೇಳಬೇಕೆನ್ನಿಸಿತು, ಆದರೆ ಪರೀಕ್ಷಕರನ್ನು ಯಾರು ಪ್ರಶ್ನೆ ಕೇಳುತ್ತಾರೆ?

ಮಗಳ ತಟ್ಟೆಗೆ ಅನ್ನ ಹಾಕಿದ. ಪಕ್ಕಕ್ಕೆ ಸೌತೆಕಾಯಿ ಇಟ್ಟ. ಅವಳು ತುದಿ ಹಿಡಿದು ಎತ್ತಿದಳು. ಕಾಯಿ ಇಳಿಯಿತು, ಇಳಿಯಿತು, ತುಂಡಾಗಲಿಲ್ಲ. ಅವಳು ಕಿಲಕಿಲನೆ ನಕ್ಕಳು. ಒಂದು ತುತ್ತು, ಇನ್ನೊಂದು, ಮತ್ತೊಂದು. ಕಿಟಕಿಯಾಚೆ ಮೇಷ್ಟ್ರು ತುತ್ತುಗಳನ್ನು ಎಣಿಸುತ್ತಿದ್ದುದು ಕೇಳುತ್ತಿತ್ತು. ತಟ್ಟೆ ಖಾಲಿಯಾಯಿತು. ಬೆರಳಿನಿಂದ ಬಳಿದು ನೆಕ್ಕಿದಳು.

"ಅಜ್ಜಿ, ನೀವೂ ತಿನ್ನಿ."

"ನನಗೆ ಹಸಿವಿಲ್ಲ ಕಂದ."

"ಒಂದೇ ಒಂದು. ನನಗೋಸ್ಕರ."

ಅತ್ತೆ ಒಂದು ಸುರುಳಿ ಬಾಯಿಗಿಟ್ಟರು. ಅಗಿದರು. ಇನ್ನೊಂದು ತೆಗೆದುಕೊಂಡರು. ಆಮೇಲೆ ತಾವೇ ಅನ್ನ ಬಡಿಸಿಕೊಂಡು ಕಲಸಿದರು. ತಿನ್ನುತ್ತ ತಿನ್ನುತ್ತ ಅವರ ಕಣ್ಣಿಂದ ನೀರು ಇಳಿಯತೊಡಗಿತು, ಅವರು ಒರೆಸಿಕೊಳ್ಳಲಿಲ್ಲ.

"ಖಾರ," ಎಂದರು. "ಚೆನ್ನಾಗಿದೆ ಖಾರ."

ಬಟ್ಟಲಿನಲ್ಲಿ ಖಾರವೇ ಇರಲಿಲ್ಲ. ಟೈಲರ್ ನೀರಿನ ಲೋಟ ಮುಂದಿಟ್ಟ.

ಊಟ ಮುಗಿಸಿ ಕೈ ತೊಳೆದು ಬಂದ ಅತ್ತೆ ನೆಟ್ಟಗೆ ನಿಂತರು. "ಅಳಿಯಂದ್ರೇ, ನೀವು ಪಾಸು. ಬ್ಯಾಗು ಇಲ್ಲೇ ಇರುತ್ತೆ. ನಾನು ಹೊರಡ್ತೀನಿ."

ಕಿಟಕಿಯಾಚೆ ಚಪ್ಪಾಳೆ ಬಿತ್ತು. ಟೈಲರ್ ಬ್ಯಾಗನ್ನು ಎತ್ತಿ ಎದೆಗೆ ಅವಚಿಕೊಂಡು ಮಗಳ ಕೋಣೆಯ ಕಡೆ ಹೊರಟ. ಅಂಗಿ ಹಿಡಿದು ಎಳೆದಂತಾಯಿತು.

"ಅಪ್ಪಾ, ಬಗ್ಗು. ಒಂದು ಮಾತು." ಮಗಳು ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ನಾನು ಇದನ್ನ ಮಾಡೋಕೆ ಹೇಳಿದ್ದು ಅಜ್ಜಿಗೋಸ್ಕರ. ಅಜ್ಜಿ ಮನೇಲಿ ಏನೂ ತಿನ್ನಲ್ಲ. ಎಲ್ಲಾ ಮಣ್ಣು ಥರ ಇದೆ ಅಂತಾರೆ. ನನಗೆ ಬಡಿಸಿ ಗೋಡೆ ನೋಡ್ತಾ ಕೂತಿರ್ತಾರೆ. ಇವತ್ತು ತಿಂದ್ರು, ನೋಡಿದ್ಯಾ? ನಾನು ಜೊತೆಗಿಲ್ದಿದ್ರೆ ಮತ್ತೆ ತಿನ್ನಲ್ಲ. ನಾನು ಅಜ್ಜಿ ಜೊತೇನೇ ಹೋಗ್ತೀನಿ."

"ಅಜ್ಜೀನೂ ಇಲ್ಲೇ ಇರಲಿ ಪುಟ್ಟಿ."

"ಕೇಳಿದೆ. ಈ ಮನೇಲಿ ಅಮ್ಮ ಇಲ್ದೇ ಇರೋದು ನೋಡೋಕಾಗಲ್ಲ ಅಂತಾರೆ."

ಟೈಲರ್ ಬ್ಯಾಗನ್ನು ಕೆಳಗಿಟ್ಟ. "ನಾನೂ ಒಬ್ಬನೇ ಅಲ್ವೇನಮ್ಮಾ?"

ಮಗಳು ಆಶ್ಚರ್ಯದಿಂದ ಅವನನ್ನು ನೋಡಿದಳು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದಳು. ಅಲ್ಲಿ ಸರಳಿಗೆ ಮೂಗು ಒತ್ತಿಕೊಂಡು ಮೂರು ಮುಖ ಇದ್ದವು. ಒಂದು ಬಿಕ್ಕಳಿಸುತ್ತಿತ್ತು. ಒಂದರ ತುಟಿ ಬಾತಿತ್ತು. ಇನ್ನೊಂದು ಕಣ್ಣು ಒರೆಸಿಕೊಳ್ಳುತ್ತಿತ್ತು.

"ನಿನಗೆ ಇಷ್ಟು ಜನ ಇದಾರಲ್ಲಪ್ಪಾ. ಅಜ್ಜಿ ಮನೆಗೆ ಯಾರೂ ಬರಲ್ಲ."

ಮಗು ಮತ್ತೆ ಜೊತೆಗೆ ಬರುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. ಮಾತು ಅಂದರೆ ಮಾತು ಎಂದರು, ಗದರಿದರು. ಮೊಮ್ಮಗಳು ಅವರ ಸೆರಗು ಬಿಡಲಿಲ್ಲ. ಕೊನೆಗೆ ಟೈಲರನೇ ಬ್ಯಾಗು ಎತ್ತಿ ಅತ್ತೆಯ ಕೈಗೆ ಕೊಟ್ಟ. ತೋಳು ಎರಡು ಇಂಚು ಸಡಿಲವಾದ ಕೈ ಅದು. ಭಾರ ತಡೆಯಲಾರದು ಅನ್ನಿಸಿ ಕೆಳಗಿನವರೆಗೂ ತಾನೇ ಹೊತ್ತು ತಂದ.

"ಇದನ್ನ ಮಾಡೋದು ಹೇಗೆ ಅಂತ ಬರ್ದುಕೊಡಿ," ಎಂದರು ಅತ್ತೆ, ನೆಲ ನೋಡುತ್ತ. ಅಳತೆಯ ಪುಸ್ತಕದ ಹಾಳೆ ಹರಿದು, ಸೊಂಟ, ಎದೆ, ತೋಳು ಎಂದು ಅಚ್ಚಾಗಿದ್ದ ಗೆರೆಗಳ ಮೇಲೆ ಅವನು ಬರೆದುಕೊಟ್ಟ.

"ಇನ್ನು ನೀನು ಕಷ್ಟಪಡಬೇಡ ಅಪ್ಪಾ," ಎಂದಳು ಮಗಳು ಆಟೋದಿಂದ ತಲೆ ಹೊರಗೆ ಹಾಕಿ. "ಅಜ್ಜೀನೇ ಮಾಡ್ತಾರೆ!"

ಆಟೋ ತಿರುವಿನಲ್ಲಿ ಮರೆಯಾಯಿತು. ಫೇಲಾಗಿದ್ದರೆ ಮುಂದಿನ ತಿಂಗಳು ಮತ್ತೆ ಕಟ್ಟಬಹುದಿತ್ತು ಎಂದುಕೊಂಡ ಅವನು. ಪಾಸಾದವನಿಗೆ ಮತ್ತೆ ಯಾರು ಪರೀಕ್ಷೆ ಇಡುತ್ತಾರೆ?

ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೂವರೂ ಅವನ ಮನೆಯೊಳಗೆ ತಟ್ಟೆ ಹಾಕಿಕೊಂಡು ಕೂತಿದ್ದರು.

"ಬಾರಪ್ಪ, ಬಾ," ಎಂದಳು ನರ್ಸಕ್ಕ ಅವನ ಬೆನ್ನು ಸವರಿ. "ಮನಸ್ಸಿಗೆ ಹಚ್ಚಿಕೋಬೇಡ. ನಿನ್ನನ್ನ ಒಂದು ಗಳಿಗೆ ಒಂಟಿಯಾಗಿರೋಕೆ ನಾವು ಬಿಡೋದಿಲ್ಲ."