ಇನ್ನೊಂದು ಕಣ್ಣಿಗೂ ಮದ್ರಾಸೇ!

ನಮ್ಮ ಸೋದರತ್ತೆಯ ಒಂದು ಕಣ್ಣು ಮದ್ರಾಸ್ ರಾಜ್ಯಕ್ಕೂ ಇನ್ನೊಂದು ಕಣ್ಣು ಮೈಸೂರು ರಾಜ್ಯಕ್ಕೂ ಸೇರಿದ್ದವು! ಈ ಮಾತನ್ನು ಅವಳೇ ಹೇಳುತ್ತಿದ್ದಳೋ, ಅಥವಾ ಅವಳ ಕಥೆಯನ್ನು ಹತ್ತು ಜನರ ಮುಂದೆ ಹೇಳಿ ಹೇಳಿ ನಾನೇ ಕಟ್ಟಿದ್ದೋ, ಈಗ ಆಣೆ ಮಾಡಿ ಹೇಳಲಾರೆ. ಕಂಡದ್ದನ್ನು ನಂಬು, ಕೇಳಿದ್ದನ್ನು ಪರೀಕ್ಷಿಸು ಎಂದು ಕಾಲೇಜಿನಲ್ಲಿ ಕಲಿಸಿದರು, ನಿಜ. ಆದರೆ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸುವ ಜರಡಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಅತ್ತೆ ಮೊದಲ ಸಲ ಮದ್ರಾಸಿಗೆ ಹೋದದ್ದು ಸುಗ್ಗಿಯಲ್ಲಿ ಎಂದು ಅಮ್ಮ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅವಳ ಬುತ್ತಿಯೊಳಗೆ ಮಾವಿನಕಾಯಿ ಚಿತ್ರಾನ್ನವಿದೆ. ಸುಗ್ಗಿಯಲ್ಲಿ ಮಾವಿನಕಾಯಿ ಎಲ್ಲಿಂದ ಬರಬೇಕು? ಇಬ್ಬರಲ್ಲಿ ಒಬ್ಬರ ನೆನಪಿಗಂತೂ ಪೊರೆ ಬಂದಿದೆ.

ಅತ್ತೆ ಹುಟ್ಟಿದ್ದು ಯಳಂದೂರಿನ ಹತ್ತಿರ ನಮ್ಮ ಅಗರದಲ್ಲಿ. ಕೊಟ್ಟದ್ದು ಕೊಳ್ಳೇಗಾಲ ದಾಟಿ ಹನೂರಿನ ದಾರಿಯಲ್ಲಿರುವ ಒಂದು ಹಳ್ಳಿಗೆ. ಬೆಳಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ಆ ಕಾಲಕ್ಕೆ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದ್ರಾಸಿನದು. ಹಾಗಾಗಿ "ಮಗಳ್ನ ಎಲ್ಲಿಗ್ ಕೊಟ್ರಿ?" ಎಂದು ಕೇಳಿದವರಿಗೆಲ್ಲ ನಮ್ಮ ತಾತ "ಮದ್ರಾಸ್‌ಗೆ" ಎಂದುಬಿಡುತ್ತಿದ್ದನಂತೆ. ಕೇಳಿದವರು ಸಮುದ್ರ, ಟ್ರಾಮು, ದೊಡ್ಡ ದೊಡ್ಡ ಬಂಗಲೆಗಳನ್ನು ಕಲ್ಪಿಸಿಕೊಂಡು ಬಾಯಿ ಬಿಡುತ್ತಿದ್ದರು. ಅತ್ತೆ ಅಲ್ಲಿ ಎಮ್ಮೆ ತೊಳೆಯುತ್ತಿದ್ದಳು!

ಐವತ್ತಾರರ ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಗಂಡನ ಮನೆಯಲ್ಲಿ ಮುನಿಸಿಕೊಂಡು ತವರಿಗೆ ಬರುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇವೆ. ಗಂಡನನ್ನೂ ಅವನ ಹೊಲಗದ್ದೆಗಳನ್ನೂ ಇಡೀ ತಾಲ್ಲೂಕನ್ನೂ ಕಟ್ಟಿಕೊಂಡು ತವರಿಗೆ ಬಂದವಳು ಇವಳೊಬ್ಬಳೇ!

ಆದರೆ ಅಷ್ಟರೊಳಗೆ ಒಂದು ಕೆಲಸ ಆಗಿಹೋಗಿತ್ತು. ಅದೇ ವರ್ಷದ ಬೇಸಿಗೆಯಲ್ಲಿ (ಅಮ್ಮ ಕ್ಷಮಿಸಲಿ) ಮಾವ ಅವಳನ್ನು ಮದ್ರಾಸಿನ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಡಗಣ್ಣಿನ ಪೊರೆ ತೆಗೆಸಿದ್ದ. ಆ ಕಣ್ಣು ಮದ್ರಾಸಿನ ಲೆಕ್ಕಕ್ಕೆ ಸೇರಿತು. ಬಲಗಣ್ಣಿನದು ಇನ್ನೂ ಬಲಿತಿಲ್ಲ, ಬಲಿತ ಮೇಲೆ ಬನ್ನಿ ಎಂದು ಡಾಕ್ಟರು ಕಳಿಸಿದರು. ಅದು ಪೊರೆಯ ಸಮೇತ ಮೈಸೂರಿಗೆ ಬಂತು.

ಆ ಕಾಲದ ಕಣ್ಣಿನ ಆಪರೇಷನ್ ಎಂದರೆ ಈಗಿನವರಿಗೆ ಗೊತ್ತಾಗುವುದಿಲ್ಲ. ಕೊಯ್ದದ್ದು ಒಂದು ಕಣ್ಣಾದರೂ ಪಟ್ಟಿ ಎರಡಕ್ಕೂ. ತಲೆ ಅತ್ತಿತ್ತ ಹೊರಳದಂತೆ ಎರಡು ಕಡೆಗೂ ಮರಳಿನ ಚೀಲ. ಕೆಮ್ಮುವಂತಿಲ್ಲ, ಸೀನುವಂತಿಲ್ಲ, ಊಟವೆಂದರೆ ಗಂಜಿ. ಮಾತಿಲ್ಲದೆ ಅರ್ಧ ಗಳಿಗೆ ಇರಲಾರದ ನಮ್ಮ ಅತ್ತೆಯನ್ನು ಹೀಗೆ ಮಲಗಿಸಿದ ಮಾರನೆಯ ದಿನ, ಪಕ್ಕದ ಮಂಚದಿಂದ ತಮಿಳಿನಲ್ಲಿ ಒಂದು ದನಿ ಬಂತಂತೆ: "ಅಕ್ಕಾ, ಬೆಳಗಾಯಿತಾ?"

"ನನ್ನ ಕೇಳ್ದ್ರೆ ಏನ್ ಏಳ್ಲಕ್ಕಾ? ನಂಗೂ ಕಣ್ ಕಟ್ಟವ್ರೆ!" ಎಂದು ಅತ್ತೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದಳಂತೆ.

ಅಲ್ಲಿಗೆ ಇಬ್ಬರಿಗೂ ನಗು. ನರ್ಸಮ್ಮ ಓಡಿಬಂದು, ನಕ್ಕರೆ ಹೊಲಿಗೆ ಬಿಟ್ಟುಹೋಗುತ್ತದೆ ಎಂದು ಗದರಿದಳು. ನಗಬಾರದು ಎಂದು ಹೇಳಿದ ಮೇಲೆ ಬರುವ ನಗುವಿಗೆ ಮದ್ದುಂಟೆ? ಪಟ್ಟಿ ಕಟ್ಟಿದ ಅಷ್ಟು ದಿನವೂ ಇಬ್ಬರೂ ತುಟಿ ಕಚ್ಚಿಕೊಂಡು, ಹೊಟ್ಟೆಯಲ್ಲೇ ನಕ್ಕರಂತೆ. ಗಂಜಿಯ ಬಟ್ಟಲು ಮುಗಿದ ಮೇಲೆ ಆಕೆ ಬರೀ ಮಾತಿನಲ್ಲಿ ರಸ ಕಾಯಿಸಿ ಅತ್ತೆಗೆ ಬಡಿಸುವುದು, ಅತ್ತೆ ಬರೀ ಮಾತಿನಲ್ಲಿ ಮುದ್ದೆ ಕಟ್ಟಿ ಅವರೇಕಾಳಿನ ಸಾರು ಹೊಯ್ಯುವುದು. ಅತ್ತೆ ತನ್ನದು ಕೊಳ್ಳೇಗಾಲದ ಕಡೆ ಎಂದಳು. ಆಕೆಯ ಗಂಡ ರೈಲ್ವೆಯಲ್ಲಿ ಗೇಟು ಕಾಯುವವನು. ಅವಳೂ ಒಂದು ಕಣ್ಣು ಮಾಡಿಸಿಕೊಂಡವಳೇ, ಅವಳಿಗೂ ಇನ್ನೊಂದು ಬಲಿಯಬೇಕು. ಆಗ ಇಲ್ಲೇ ಸೇರೋಣ, ಒಂದೊಂದು ಕಣ್ಣಿನಲ್ಲಾದರೂ ಒಬ್ಬರನ್ನೊಬ್ಬರು ನೋಡೋಣ ಎಂದು ಮಾತಾಯಿತು.

ಒಂದು ಬೆಳಗ್ಗೆ ಅತ್ತೆ "ಅಕ್ಕಾ" ಎಂದರೆ ಆ ಮಂಚದಲ್ಲಿ ಇನ್ಯಾರೋ ಕೆಮ್ಮಿದರು. ಅತ್ತೆ ಏಳುವ ಮೊದಲೇ ಆಕೆಯ ಪಟ್ಟಿ ಬಿಚ್ಚಿ, ಗಂಡ ಬಂದು ಕರೆದುಕೊಂಡು ಹೋಗಿದ್ದ.

"ಹೆಸರೇನು ಆಕೇದು?" ಎಂದು ನಾನು ಕೇಳಿದ್ದೆ.

"ಅಕ್ಕನ ಎಸ್ರು ಕೇಳ್ತಾರೇನ್ಲಾ?"

"ಅವಳೂ ನಿನ್ನ ಅಕ್ಕ ಅಂತಿದ್ಲು ಅಂತೀಯ. ಇಬ್ಬರಲ್ಲಿ ಯಾರು ದೊಡ್ಡೋರು?"

"ಅದ್ನೇ ಕಣ್ಲಾ ನೋಡ್ಬೇಕಾಗಿರದು!"

ಹೆಸರು ಗೊತ್ತಿಲ್ಲ, ಊರು ಮರೆತಿದೆ, ಮುಖ ಕಂಡಿಲ್ಲ. ಇಂಥ ಅಕ್ಕನಿಗಾಗಿ ಅತ್ತೆ ಆರೇಳು ವರ್ಷ ತನ್ನ ಬಲಗಣ್ಣಿನ ಪೊರೆಯನ್ನು ಬೆಳೆ ಕಾದಂತೆ ಕಾದಳು. ಮನೆಗೆ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಬೆಳಕಿಗೆ ಮುಖ ಒಡ್ಡಿ, ರೆಪ್ಪೆ ಅಗಲಿಸಿ, "ಒಸಿ ನೋಡಿ, ಬಲ್ತದಾ?" ಎಂದು ಕೇಳಿಯೇ ಒಳಗೆ ಕರೆಯುವುದು. ಲೊಕ್ಕನಹಳ್ಳಿಯಿಂದ ಹುಣಸೆಹಣ್ಣು ಮಾರಲು ಬಂದವನೊಬ್ಬ ಕಣ್ಣನ್ನು ಚೆನ್ನಾಗಿ ನೋಡಿ, "ದೋರ್ಗಾಯಿ ಆಗದೆ ಕಣವ್ವಾ, ಇನ್ನೊಂದ್ ವರ್ಷ ಬುಡು" ಎಂದನಂತೆ. ಬೇರೆಯವರು ಕಣ್ಣು ಮಂಜಾಯಿತು ಎಂದು ಅಳುತ್ತಾರೆ. ಇವಳು ಮಂಜಾಗಲಿಲ್ಲವೆಂದು ಪೇಚಾಡುತ್ತಿದ್ದಳು! ಲೆಕ್ಕ ಸರಳ. "ನಂದು ಬಲ್ತ್ರೆ ಅವಳ್ದೂ ಬಲ್ತಿರ್ತದೆ. ಒಂದೇ ಸಲ ಬಿತ್ತಿದ್ದಲ್ವಾ?"

ಕೊನೆಗೂ ಬಲಿಯಿತು. ನಾನಾಗ ಮೈಸೂರಿನಲ್ಲಿ ಎಂ.ಎಸ್‌ಸಿ. ಓದುತ್ತಿದ್ದೆ. ಮೈಸೂರಿನಲ್ಲೇ ದೊಡ್ಡಾಸ್ಪತ್ರೆ ಇದೆ, ಬೆಳಗ್ಗೆ ಬಸ್ಸು ಹತ್ತಿದರೆ ಹತ್ತು ಗಂಟೆಗೆ ಡಾಕ್ಟರ ಮುಂದೆ ಇರಬಹುದು ಎಂದು ಹೇಳಲು ಹೋದೆ. ಮಾವನೂ ನನ್ನ ಪಕ್ಷವೇ.

"ಜೋಡೆತ್ತು ಒಂದೇ ಸಂತೇಲಿ ತಕಬೇಕೋ ಬೇಡ್ವೋ?" ಎಂದಳು ಅತ್ತೆ.

ಎತ್ತಿನ ವಿಷಯದಲ್ಲಿ ಸುಳ್ಳು ಹೇಳುವ ಅಭ್ಯಾಸ ಮಾವನಿಗಿರಲಿಲ್ಲ. "ಬೇಕು" ಎಂದ.

"ಒಂದು ಮದ್ರಾಸಿಂದು, ಒಂದು ಮೈಸೂರ್ದು ಕಟ್ಟುದ್ರೆ ನೇಗ್ಲು ಓರೆ ಓಯ್ತದೋ ಇಲ್ವೋ?"

"ಓಯ್ತದೆ ಕಣೆ, ಓಯ್ತದೆ. ಆದ್ರೆ ನೀನೇನ್ ಕಣ್ಣಲ್ಲಿ ಉಳಾಕ್ ಓಯ್ತೀಯಾ?"

ಮಾವನ ಪ್ರಕಾರ ಅಂಥ ಹೆಂಗಸು ಇರಲೇ ಇಲ್ಲ. ಹೆಂಗಸರ ವಾರ್ಡಿನ ಒಳಗೆ ಅವನನ್ನು ಬಿಟ್ಟಿರಲಿಲ್ಲ. ಬಾಗಿಲಿನಿಂದ ಅವನಿಗೆ ಕಂಡದ್ದು ಬಿಳಿ ಪಟ್ಟಿ ಸುತ್ತಿದ ತಲೆಗಳು ಮಾತ್ರ. "ಸುಣ್ಣ ಬಳ್ದ ಮಡಕೆ ಸಾಲಾಗಿ ಜೋಡ್ಸ್‌ದಂಗಿದ್ವು. ಅದ್ರಲ್ಲಿ ಇವಳ್ಯಾರೋ, ಅವಳ್ಯಾರೋ!" ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಹಳ ದಿನ ಕಣ್ಣು ಕಟ್ಟಿದರೆ ಮನಸ್ಸು ತಾನೇ ದನಿಗಳನ್ನು ಹುಟ್ಟಿಸಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದನ್ನು ವಿವರಿಸಿದೆ.

ಅತ್ತೆ ಪೂರ್ತಿ ಕೇಳಿದಳು. "ಅಂಗಾರೆ ನೀನೂ ಒಂದ್ ವಾರ ಕಣ್ ಕಟ್ಕಂಡು ಕೂತ್ಕಳ್ಲಾ. ಎಂಡ್ತಿ ಉಟ್ತಾಳಾ ನೋಡವ!" ಎಂದಳು.

ಸೋತವನೇ ಜೊತೆಗೆ ಹೋಗಬೇಕಲ್ಲ? ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ, ಈರೋಡಿನಲ್ಲಿ ರೈಲು ಹಿಡಿದೆವು. ಅತ್ತೆಯ ಮಡಿಲಲ್ಲಿ ಒಂದು ಗಂಟು ಇತ್ತು. ಅವರೇಕಾಳು! "ಬಾಯ್‌ ಮಾತ್ನಲ್ಲಿ ಉಣ್ಸಿದ್ದೇ ಆಯ್ತು. ನಿಜದ್ದು ಒಸಿ ತಿನ್ಲಿ" ಎಂದಳು.

ಮದ್ರಾಸಿನ ಆ ಆಸ್ಪತ್ರೆಯ ಹಜಾರವನ್ನು ನಾನು ಮರೆಯಲಾರೆ (ಮರೆತಿಲ್ಲ ಎಂದೇ ಅಂದುಕೊಂಡಿದ್ದೇನೆ). ಗೋಡೆಯುದ್ದಕ್ಕೂ ಬೆಂಚು, ಬೆಂಚಿನುದ್ದಕ್ಕೂ ಕಣ್ಣು ಕಿರಿದು ಮಾಡಿಕೊಂಡು ಏನಾದರೂ ಕಂಡೀತೇ ಎಂದು ನೋಡುತ್ತಿದ್ದ ಜನ. ಅವರ ನಡುವೆ ನಮ್ಮ ಅತ್ತೆ ಸೋಡಾ ಬುಡ್ಡಿಯ ತಳದಂಥ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಕಾಣುತ್ತಿದ್ದ ಒಂದು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ಹೊರಟೇಬಿಟ್ಟಳು!

"ಅತ್ತೆ, ಕಣ್ಣು ಬಿಡು, ಬೀಳ್ತೀಯ!"

"ಬುಟ್ಟು ಏನ್ ನೋಡ್ಲಿ? ಈ ಕಣ್ಣು ಅವಳ್ನ ಕಂಡೇ ಇಲ್ವಲ್ಲ. ಗುರ್ತು ಇರದು ಕಿವೀಗೆ."

ಮೊದಲ ಹೆಂಗಸನ್ನು ಗಂಟೆ ಎಷ್ಟು ಎಂದು ತಮಿಳಿನಲ್ಲಿ ಕೇಳಿದಳು. "ಪತ್ತು" ಎಂದಳು ಆಕೆ. ಒಂದು ಪದದಲ್ಲಿ ದನಿ ಗುರುತು ಸಿಗುವುದು ಹೇಗೆ? ಎರಡನೆಯವಳಿಗೆ ಪ್ರಶ್ನೆ ಬದಲಾಯಿಸಿದಳು: "ಅಕ್ಕಾ, ನೀವು ರಸ ಮಾಡೋದು ಹೇಗೆ?" ಅಷ್ಟೇ! ಆಕೆ ಹುಣಸೆಹಣ್ಣು ನೆನೆಹಾಕುವಲ್ಲಿಂದ ಶುರುಮಾಡಿದಳು. ಮೂರನೆಯವಳು ಬೇಳೆಯ ಕಟ್ಟು ಕೊನೆಗೆ ಹಾಕಬೇಕು ಎಂದಳು. ಬೇಳೆಯೇ ಬೇಡ, ಮೆಣಸು ಸಾಕು ಎಂದಳು ನಾಲ್ಕನೆಯವಳು. ಸ್ವಲ್ಪ ಹೊತ್ತಿನಲ್ಲಿ ಇಡೀ ಬೆಂಚು ರಸದಲ್ಲಿ ಮುಳುಗಿ, ಜವಾನ ಕರೆದ ಹೆಸರುಗಳು ಯಾರ ಕಿವಿಗೂ ಬೀಳದೆ ಹೋದವು. ನಡುವೆ ಅತ್ತೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಒಂದೊಂದು ದನಿಯನ್ನೂ ಕೇಳಿ ಕೇಳಿ ಬಿಡುತ್ತಿದ್ದಳು.

ಪಾಪ, ಪೂರ್ತಿ ಕುರುಡಿ ಎಂದು ಯಾರೋ ಪುಣ್ಯಾತ್ಗಿತ್ತಿ ಅವಳ ಕೈಹಿಡಿದು ಎಲ್ಲರಿಗಿಂತ ಮೊದಲು ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಎಡಗಣ್ಣಿನ ರೆಪ್ಪೆ ಎತ್ತಿ ನೋಡಿದರು.

"ಈ ಕಣ್ಣು ಚೆನ್ನಾಗೇ ಇದೆಯಲ್ಲಮ್ಮ! ಬಿಡಿ."

"ಒಸಿ ತಡೀರಿ ಸಾ. ಆ ಕೊನೇಲಿ ಇನ್ನೂ ಇಬ್ರು ಮಾತಾಡಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ವಿಜ್ಞಾನದ ವಿದ್ಯಾರ್ಥಿಯೆಂದು ಹೇಳಿಕೊಳ್ಳುವ ಸಮಯ ಅದಾಗಿರಲಿಲ್ಲ.

ಆಪರೇಷನ್ನಿನ ಮಾರನೆಯ ದಿನ ಕನ್ನಡ ಬಲ್ಲ ಆಯಾ ಒಬ್ಬಳು ನನಗೆ ಹೊರಗೆ ಬಂದು ಹೇಳಿದಳು. ನಿಮ್ಮ ಅತ್ತೆ ಪಟ್ಟಿ ಕಟ್ಟಿಸಿಕೊಂಡವರೇ, ಪಕ್ಕದ ಮಂಚದ ಕಡೆ "ಅಕ್ಕಾ, ಬೆಳಗಾಯ್ತಾ?" ಎಂದು ಕೂಗಿದರು. ಆ ಕಡೆಯಿಂದ ತೆಲುಗಿನಲ್ಲಿ ಉತ್ತರ ಬಂತು. ಇನ್ನೊಂದು ಕಡೆ ಕೂಗಿದರು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವಳು ಕೂಗಲಿಲ್ಲವಂತೆ. ನಗಬೇಡಿ ಎಂದು ಈ ಸಲ ಯಾವ ನರ್ಸಮ್ಮನೂ ಗದರಬೇಕಾಗಿ ಬರಲಿಲ್ಲ.

ಹೊರಡುವ ದಿನ ಅವರೇಕಾಳಿನ ಗಂಟನ್ನು ಆಯಾಳಿಗೆ ಕೊಟ್ಟಳು. ರೈಲಿನಲ್ಲಿ ಎರಡೂ ಕಣ್ಣಿಗೆ ಹೊಸ ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಳು. ಜಗತ್ತೆಲ್ಲ ಹಿಂದೆಂದಿಗಿಂತ ದೊಡ್ಡದಾಗಿ, ಬೆಳ್ಳಗೆ ಕಾಣುತ್ತದೆ ಎಂದಳು. ರೈಲ್ವೆ ಗೇಟು ಬಂದಾಗಲೆಲ್ಲ ಕಂಬಿಗೆ ಹಣೆ ಒತ್ತಿಕೊಂಡು, ಗೇಟಿನ ಪಕ್ಕದ ಮನೆಯನ್ನು ಅದು ಹಿಂದೆ ಸರಿಯುವವರೆಗೂ ನೋಡುತ್ತಿದ್ದಳು. ಎಷ್ಟು ಗೇಟು, ಎಷ್ಟು ಮನೆ! ಒಂದರ ಅಂಗಳದಲ್ಲಿ ಒಬ್ಬ ಹೆಂಗಸು ಸೀರೆ ಹರವುತ್ತಿದ್ದಳು. ಅತ್ತೆ ಕೈ ಎತ್ತಿದಳು. ಆ ಹೆಂಗಸು ಕೈ ಎತ್ತಿದಳೋ ಇಲ್ಲವೋ, ನನಗೆ ನೆನಪಿಲ್ಲ. ಎತ್ತಿದಳು ಎಂದು ಬರೆಯಲು ಬಹಳ ಆಸೆಯಾಗುತ್ತಿದೆ.

"ಅವಳ್ದು ಇನ್ನೂ ಬಲ್ತಿಲ್ಲ ಕಣ್ಲಾ" ಎಂದಳು ಈರೋಡಿನಲ್ಲಿ ಇಳಿಯುವಾಗ. "ನಾವೇ ಒಸಿ ಅವಸ್ರ ಮಾಡ್ಕಂಡ್ವು."

ಮಾಡಿಸಿಕೊಳ್ಳಲು ಮೂರನೆಯ ಕಣ್ಣಿರಲಿಲ್ಲ. ಮದ್ರಾಸಿಗೆ ಹೋಗಲು ನೆಪವೂ ಉಳಿಯಲಿಲ್ಲ. ಎರಡು ಕಣ್ಣಿನಲ್ಲೂ ಸ್ಪಷ್ಟವಾಗಿ ಕಾಣುತ್ತಿದ್ದ ಅತ್ತೆ, ಸಂಜೆ ಹೊತ್ತು ಜಗಲಿಯ ಮೇಲೆ ಕಣ್ಣು ಮುಚ್ಚಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ನಿದ್ದೆಯೇ ಎಂದು ಕೇಳಿದರೆ "ಇಲ್ಲ, ಸುಮ್ಕೆ" ಎನ್ನುವಳು. ಎಪ್ಪತ್ತರ ಆಚೀಚೆ ತೀರಿಕೊಂಡಳು.

ಅದಾಗಿ ಮೂರೋ ನಾಲ್ಕೋ ವರ್ಷದ ಮೇಲೆ, ಅಕ್ಷರಗಳು ಮಂಜಾಗತೊಡಗಿದ್ದರಿಂದ ನಾನು ಮೈಸೂರಿನ ಒಬ್ಬ ಹಿರಿಯ ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಯಾವ ಊರು ಎಂದರು. ಅಗರ, ಕೊಳ್ಳೇಗಾಲದ ಹತ್ತಿರ ಎಂದೆ. ಅವರು ಗಾಜು ಬದಲಾಯಿಸುತ್ತಾ ನಕ್ಕರು. "ನಾನು ದೊಡ್ಡಾಸ್ಪತ್ರೆಯಲ್ಲಿದ್ದಾಗ ಒಬ್ಬ ತಮಿಳು ಹೆಂಗಸು ಬಂದಿದ್ದರು ನೋಡಿ. ಒಂದು ಕಣ್ಣು ಮದ್ರಾಸಿನಲ್ಲೇ ಆಗಿತ್ತು. ಅಲ್ಲೇ ಇನ್ನೊಂದನ್ನೂ ಮಾಡಿಸೋದು ಬಿಟ್ಟು ಅಷ್ಟು ದೂರದಿಂದ ಇಲ್ಲಿಗ್ಯಾಕೆ ಬಂದ್ರಿ ಅಂದೆ. ಕೊಳ್ಳೇಗಾಲ ಮೈಸೂರಿಗೆ ಸೇರಿತಂತಲ್ಲ, ನಮ್ಮಕ್ಕ ಇನ್ನು ಇಲ್ಲಿಗೇ ತಾನೇ ಬರೋದು, ಅಂದರು."

ನಾನು ಕುರ್ಚಿಯಿಂದ ಎದ್ದುಬಿಟ್ಟೆನಂತೆ. ಅದು ಯಾವ ವರ್ಷ ಎಂದರೆ ಡಾಕ್ಟರಿಗೆ ನೆನಪಿಲ್ಲ. ಇದ್ದರೂ ನಾನು ನಂಬುತ್ತಿದ್ದೆನೇ? ಇಪ್ಪತ್ತು ಸಾವಿರ ಕಣ್ಣು ನೋಡಿದವರ ನೆನಪು, ಒಂದಕ್ಕೊಂದು ಬೆರೆತಿರಬಹುದು. ಅದಕ್ಕೇ ಆಗ ಆ ವಾರ್ಡಿನಲ್ಲಿದ್ದ ನರ್ಸಮ್ಮ ಯಾರೆಂದು ಕೇಳಿಕೊಂಡು, ನಿವೃತ್ತರಾಗಿದ್ದ ಅವರ ಮನೆ ಹುಡುಕಿಕೊಂಡು ಹೋದೆ. ಡಾಕ್ಟರು ಹೇಳಿದ್ದನ್ನು ಬಾಯಿ ಬಿಡದೆ, ತಮಿಳು ಹೆಂಗಸು ಯಾರಾದರೂ ನೆನಪಿದ್ದಾರೆಯೇ ಎಂದಷ್ಟೇ ಕೇಳಿದೆ.

ಆಕೆ ಬಂದಿದ್ದರು ಎಂದರು ನರ್ಸಮ್ಮ. ಗಂಡ ರೈಲ್ವೆಯವನು. ಪಟ್ಟಿ ಬಿಚ್ಚಿ, ಮನೆಗೆ ಹೋಗಿ ಎಂದ ಮೇಲೂ ಹೋಗಲಿಲ್ಲ. ಕೊಳ್ಳೇಗಾಲದ ಕಡೆಯಿಂದ ಹೆಂಗಸರು ಬಂದರೆ ತಿಳಿಸಿ ಎಂದು ಎಲ್ಲರಿಗೂ ಹೇಳಿಟ್ಟು, ಗಂಡನ ರೈಲು ಪಾಸಿನ ಗಡುವು ಮುಗಿಯುವವರೆಗೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದಿದ್ದರು.