ಎತ್ತರದಿಂದ ಹೊಯ್ದ ಕಾಫಿ

ನಮ್ಮ ಸೋದರತ್ತೆಗೆ ಹುಟ್ಟಿನಿಂದಲೇ ಒಂದು ಅಂಗ ಊನ. ಕಣ್ಣು, ಕಿವಿ, ಕೈಕಾಲು ಎಲ್ಲ ನೆಟ್ಟಗಿವೆ, ಇಲ್ಲದಿರುವುದು ಕುತೂಹಲ! ಅರಸೀಕೆರೆಯಲ್ಲಿ ಇಂಥವರು ಬದುಕುವುದಾದರೂ ಹೇಗೆ? ಇಲ್ಲಿ ರೈಲಿನಿಂದ ಇಳಿದವರು ಟಿಕೆಟ್ಟು ಕೊಟ್ಟು ಹೊರಗೆ ಬರುವಷ್ಟರಲ್ಲಿ ಯಾವೂರು, ಯಾರ ಪೈಕಿ, ಯಾವ ಜನ ಎಂಬುದಕ್ಕೆಲ್ಲ ಉತ್ತರ ಹೇಳಿ ಮುಗಿಸಿರಬೇಕು. ಅತ್ತೆಗೆ ಗೊತ್ತಿರುವುದು ಒಂದೇ ಪ್ರಶ್ನೆ: "ಊಟ ಆಯ್ತಾ?"

ಸ್ಟೇಷನ್ನಿನ ಹತ್ತಿರ, ಬೇವಿನ ಮರದ ಕೆಳಗಿನ ಮನೆ ಅವರದು. ರೈಲು ತಪ್ಪಿದವರು, ಜಗಳವಾಡಿ ಮನೆ ಬಿಟ್ಟವರು, ಯಾರು ಬಂದರೂ ಮಣೆ ಹಾಕುತ್ತಾರೆ. ಒಮ್ಮೆ ಗಂಡಸಿ ಊರಿನ ಕುಡುಕನೊಬ್ಬನನ್ನು ಕರೆದುಕೊಂಡು ಹೋಗಿ ಭಾನುವಾರದ ಆರಾಧನೆಯಲ್ಲಿ ಮುಂದಿನ ಬೆಂಚಿನಲ್ಲೇ ಕೂರಿಸಿದರು. ಅವನು ಗೊರಕೆ ಹೊಡೆದ. ಹಿರಿಯರೊಬ್ಬರು ಬಂದು, "ಏನಮ್ಮಾ ಇದು? ಉಪದೇಶದ ಹೊತ್ತಲ್ಲಿ ನಿದ್ದೆ!" ಎಂದರು.

"ನಿದ್ದೆ ಮಾಡ್ತಿದ್ದವನು ಅವನೊಬ್ಬನೇನಾ?" ಎಂದರು ಅತ್ತೆ. ಹಿರಿಯರು ಮುಖ ಒರೆಸಿಕೊಂಡು ಹೋದರು.

ಹೌದು, ಅತ್ತೆ ಕ್ರೈಸ್ತರು. ಹದಿನಾರಕ್ಕೆ ವಿಧವೆಯಾದ ಅವರನ್ನು ಗಂಡನ ಮನೆಯವರು ತವರಿಗೆ ಬಿಟ್ಟರು, ತವರಿನವರು ವಿಧಿಗೆ ಬಿಟ್ಟರು. ಮಿಷನ್ ಆಸ್ಪತ್ರೆಯೊಂದು ಅನ್ನ ಹಾಕಿ ನರ್ಸ್ ಕೆಲಸ ಕಲಿಸಿತು. ಕೆಲವು ವರ್ಷಗಳ ಮೇಲೆ ಅವರು ತಾವೇ ಇಷ್ಟಪಟ್ಟು ಆ ಮತಕ್ಕೆ ಸೇರಿದರು. ಅಲ್ಲಿಯವರೆಗೆ ಇದ್ದಾಳೋ ಸತ್ತಳೋ ಎಂದು ವಿಚಾರಿಸದಿದ್ದ ನಮ್ಮ ಮನೆಯವರು ಅಂದು ಮಾತ್ರ ಬಹಳ ದುಃಖಪಟ್ಟರಂತೆ!

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದ ನನ್ನ ತಂದೆ ಅವರ ತಮ್ಮ. ತಿಂಗಳಿಗೊಮ್ಮೆ ತಮ್ಮನನ್ನು ನೋಡಲು ಅತ್ತೆ ಬರುತ್ತಾರೆ, ಜಗಲಿಯ ತನಕ. ಜಗಲಿಯ ಗೂಡಿನಲ್ಲಿ ಅವರಿಗೆಂದೇ ಇಟ್ಟ, ಒಂದು ಕಡೆ ನೆಗ್ಗಿದ ಹಿತ್ತಾಳೆ ಲೋಟವಿದೆ. ಅಮ್ಮ, ಪಾತ್ರೆ ತಗುಲಿ ಮೈಲಿಗೆಯಾಗದಂತೆ, ಒಂದು ಮೊಳ ಎತ್ತರದಿಂದ ಅದಕ್ಕೆ ಕಾಫಿ ಹೊಯ್ಯುತ್ತಾರೆ. "ನಿಮ್ಮಮ್ಮನ ಗುರಿ ನೋಡೇ! ಒಂದು ತೊಟ್ಟೂ ಆಚೆಗೆ ಬೀಳಲ್ಲ" ಎಂದು ಅತ್ತೆ ಮೆಚ್ಚಿಕೊಳ್ಳುತ್ತಾರೆ. ಕುಡಿದು, ತಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾರೆ.

ಕೃಪೆ ಎಂದರೇನೆಂದು ಒಮ್ಮೆ ಅತ್ತೆಯನ್ನು ಕೇಳಿದ್ದೆ.

"ಟಿಕೆಟ್ಟಿಲ್ಲದೆ ಹತ್ತಿದವನನ್ನ ಟಿಕೆಟ್ ಕಲೆಕ್ಟರೇ ಕರೆದು ಕಿಟಕಿ ಪಕ್ಕ ಕೂರಿಸ್ತಾನಲ್ಲ, ಅದು."

"ಹಾಗಾದ್ರೆ ರೈಲ್ವೆ ಉದ್ಧಾರ ಆದ ಹಾಗೇ!" ಎಂದರು ತಂದೆ.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳು. ಸಮಾನತೆಯನ್ನು ಕುರಿತು ಹದಿನಾಲ್ಕು ಪುಟ ಬರೆದು ಬಹುಮಾನ ಪಡೆದವಳು. ಬೇಲೂರಿನಿಂದ ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾದಾಗ ಅತ್ತೆಯ ಮನೆಗೆ ಹೋಗಿ, ಹೊಸಿಲಿನ ಆಚೆಯೇ ನಿಂತು, "ಶುಕ್ರವಾರ ನೀವು ಬರಬೇಡಿ ಅತ್ತೆ" ಎಂದು ಹೇಳಿ ಬಂದವಳೂ ನಾನೇ. ಅಮ್ಮ ಹೇಳಿಕಳಿಸಿದ್ದಲ್ಲ.

"ಆಗಲಿ ಕಣೇ" ಎಂದರು. ಏಕೆಂದು ಕೇಳಲಿಲ್ಲ. ಆ ಅಂಗ ಇಲ್ಲವಲ್ಲ!

ಬಸ್ಸು ಹೇಗೂ ತಡವಾಗುತ್ತದೆಂದು ಬೇಲೂರಿನವರು ಒಂದು ಬಸ್ಸು ಮುಂಚೆಯೇ ಹೊರಟರು. ಅವರ ದುರದೃಷ್ಟಕ್ಕೆ ಅದು ಸರಿಯಾದ ಹೊತ್ತಿಗೆ ಬಂದುಬಿಟ್ಟಿತು! ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಹೆಣ್ಣಿನ ಮನೆಯ ಹೊಸಿಲು ದಾಟುವಂತಿಲ್ಲ. ಅಷ್ಟು ಹೊತ್ತು ಎಲ್ಲಿರಬೇಕು? ಇದು ನಮಗೆ ತಿಳಿದದ್ದು ಹನ್ನೆರಡೂ ಕಾಲಿಗೆ, ಹುಡುಗನ ತಾಯಿ ನಮ್ಮ ಚಾಪೆಯ ಮೇಲೆ ಕುಳಿತು ಬೆವರೊರೆಸಿಕೊಂಡ ಮೇಲೆ.

"ಬಿಸಿಲಿಗೆ ತಲೆ ಸುತ್ತಿ ಮರದ ಕೆಳಗೆ ಕೂತೇಬಿಟ್ಟೆ ಕಣ್ರೀ. ಯಾರೋ ಪುಣ್ಯಾತ್ಗಿತ್ತಿ ಒಳಗೆ ಕರ್ಕೊಂಡು ಹೋಗಿ ಮಲಗಿಸಿ, ಮಜ್ಜಿಗೆ ಕೊಟ್ಟು, ಉಪ್ಪಿಟ್ಟು ಮಾಡಿ ಹಾಕಿದ್ರು. ಎರಡು ಸಲ ಹಾಕಿಸ್ಕೊಂಡೆ! ಬಿಳೀ ಸೀರೆ, ಬರೀ ಹಣೆ, ಮನೆಯಂತೂ ಕನ್ನಡಿ. ಮಡಿ ಹೆಂಗಸು ಅಂದ್ರೆ ಹಾಗಿರಬೇಕು."

"ಎಲ್ಲಿ... ಯಾವ ಮನೆ?" ಎಂದರು ಅಮ್ಮ.

"ಸ್ಟೇಷನ್ ಹತ್ರ, ಬೇವಿನ ಮರದ ಮನೆ."

ತಂದೆಯ ಕಾಫಿ ನೆತ್ತಿಗೇರಿತು. ಅಮ್ಮ ಅವರ ತಲೆ ತಟ್ಟುವ ನೆಪದಲ್ಲಿ ಮುಖ ತಿರುಗಿಸಿಕೊಂಡರು. ನಾನು ತಲೆ ಎತ್ತಲಿಲ್ಲ. ನೋಡುವವರಿಗೆ ಅದು ನಾಚಿಕೆಯಂತೆ ಕಂಡಿರಬೇಕು.

ಹುಡುಗ ಹೈಸ್ಕೂಲು ಮೇಷ್ಟರು. ನನಗೆ ಒಪ್ಪಿಗೆಯಾಗಿತ್ತು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಯಾರೋ ಹಿತೈಷಿ ಬೇಲೂರಿಗೆ ಹೋಗಿ ವಿಷಯ ಮುಟ್ಟಿಸಿದರು. ಹಿತೈಷಿಗಳಿಗೆ ಬಸ್ಸು ತಪ್ಪುವುದೇ ಇಲ್ಲ! ಹತ್ತು ದಿನಕ್ಕೆ ಕಾಗದ ಬಂತು. ನಮ್ಮ ವಂಶದಲ್ಲಿ ಮತ ಬಿಟ್ಟವರಿದ್ದಾರೆಂದು ತಿಳಿಯಿತಂತೆ. ಅಂಥವರ ನೆರಳು ಸೋಕಿದ ಮನೆಯ ಹೆಣ್ಣು ತರಲು ಮನಸ್ಸು ಬಾರದಂತೆ. ಕೊನೆಯಲ್ಲಿ ಇನ್ನೊಂದು ಸಾಲು: ಸ್ಟೇಷನ್ ಬಳಿಯ ಆ ಮಡಿ ಹೆಂಗಸಿಗೆ ನಮ್ಮ ನಮಸ್ಕಾರ ತಿಳಿಸುವುದು!

ನಾನು ಒಂದೇ ಉಸಿರಿಗೆ ಉತ್ತರ ಬರೆದೆ. ಮೂರೇ ವಾಕ್ಯ. ಉಪ್ಪಿಟ್ಟು ಎರಡು ಸಲ ಎಂಬುದಕ್ಕೆ ಅಡಿಗೆರೆಯನ್ನೂ ಹಾಕಿದೆ. ಅಂಚೆಗೆ ಹಾಕುವ ಮೊದಲು ಎರಡು ಕಾಗದವನ್ನೂ ಅತ್ತೆಗೆ ತೋರಿಸಲು ಹೋದೆ. ಆಗಲೂ ಹೊಸಿಲಿನ ಆಚೆಯೇ ನಿಂತೆ.

ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ನಮಸ್ಕಾರದ ಸಾಲಿಗೆ ಬಂದಾಗ ನಕ್ಕರು. ನನ್ನ ಉತ್ತರವನ್ನು ಮಾತ್ರ ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟರು.

"ಬೇಡ ಕಣೇ. ಪಾಪ, ಹಸಿದು ಬಂದಿದ್ರು. ಈಗ ಇದನ್ನ ಓದಿದ್ರೆ ತಿಂದಿದ್ದೆಲ್ಲ ವಿಷ ಆಗುತ್ತೆ ಅವರಿಗೆ."

"ಇಷ್ಟೆಲ್ಲ ಬರೆದವರನ್ನ ಸುಮ್ಮನೆ ಬಿಡೋದಾ? ಮತ್ತೆ ಬಂದ್ರೆ ಮತ್ತೆ ಮಣೆ ಹಾಕ್ತೀರಾ?"

"ಹಾಕದೆ?" ಎಂದರು. "ಇಷ್ಟು ವರ್ಷದಿಂದ ನಾನು ನಿಮ್ಮನೆಗೆ ಬರ್ತಾ ಇಲ್ವೇನೇ?"

ಅವರು ಚುಚ್ಚಲೆಂದು ಹೇಳಿದ್ದಲ್ಲ. ಅದಕ್ಕೇ ಅಷ್ಟು ಆಳಕ್ಕೆ ಹೋಯಿತು. ಬೇಲೂರಿನವರು ಗೊತ್ತಿಲ್ಲದೆಯಾದರೂ ಆ ಮನೆಯೊಳಗೆ ಕುಳಿತು ಉಂಡಿದ್ದರು. ಎಲ್ಲ ಗೊತ್ತಿದ್ದ ನಾನು ಒಂದು ದಿನವೂ ಹೊಸಿಲು ದಾಟಿರಲಿಲ್ಲ. ಹಾಗಿದ್ದರೆ ನನ್ನ ಮೂರು ವಾಕ್ಯಗಳನ್ನು ಯಾರ ವಿಳಾಸಕ್ಕೆ ಕಳಿಸಬೇಕಿತ್ತು?

ಮರುದಿನ ಗೂಡಿನಲ್ಲಿದ್ದ ಹಿತ್ತಾಳೆ ಲೋಟವನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದೆ. ಹೊಸಿಲು ದಾಟಿ, ಅಡಿಗೆಮನೆಯ ತನಕ ನಡೆದು, ಕೂತೆ.

"ಊಟ ಆಯ್ತಾ?"

"ಕಾಫಿ ಕೊಡಿ. ಇದರಲ್ಲಿ."

ಅತ್ತೆ ಲೋಟ ನೋಡಿದರು. "ಅಯ್ಯೋ, ಅದು ನನ್ನ ಲೋಟ ಕಣೇ!" ಎಂದರು. ಆಮೇಲೆ ಕಾಫಿ ಮಾಡಿದರು. ಪಾತ್ರೆ ಹಿಡಿದು ಬಂದವರು, ನಾನು ಲೋಟ ಚಾಚುತ್ತಲೇ, ಕೈಯನ್ನು ಮೇಲಕ್ಕೆ ಎತ್ತಿದರು. ಥೇಟ್ ಅಮ್ಮನ ಹಾಗೆ, ಒಂದು ಮೊಳ ಎತ್ತರಕ್ಕೆ! ಅರ್ಧ ಕಾಫಿ ನೆಲಕ್ಕೆ ಬಿತ್ತು.

"ಇದೇನತ್ತೆ?"

"ಮುಟ್ಟಲಿಲ್ಲ ಅಂತ ನಾಳೆ ನಿಮ್ಮಮ್ಮನಿಗೆ ಹೇಳಬಹುದು ನೀನು. ಸುಳ್ಳು ಹೇಳೋ ಹಾಗಾಗಬಾರದಲ್ಲ. ನಿಮ್ಮಮ್ಮನಷ್ಟು ಗುರಿ ನನಗಿಲ್ಲ ಕಣೇ."

ನಾನು ಅವರ ಮಣಿಕಟ್ಟು ಹಿಡಿದು ಕೆಳಗಿಳಿಸಿದೆ. ಪಾತ್ರೆಯ ಅಂಚು ನೆಗ್ಗಿದ ಲೋಟಕ್ಕೆ ತಗುಲಿ ಟಣ್ ಎಂದಿತು. ಕೈ ಬಿಡಲಿಲ್ಲ.

"ಬಿಸಿ ಇದೆ," ಎಂದರು ಅತ್ತೆ, "ನಿಧಾನ ಕುಡಿಯೇ."