ಕಳ್ಳನಿಗೂ ಬೇಡವಾದ ಟೈಲರ್

ಎದುರಂಗಡಿಯ ಕೋಟಣ್ಣನ ಹೆಸರಲ್ಲಿ ಯಾರೋ ನಕಲಿ ಖಾತೆ ತೆರೆದು, "ತುರ್ತಾಗಿ ದುಡ್ಡು ಬೇಕು, ಕಳಿಸಿ" ಎಂದು ಬೀದಿಯವರಿಗೆಲ್ಲ ಮೆಸೇಜ್ ಹಾಕಿದ್ದರು. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದವನು ಈ ಕೋಟಣ್ಣ. ಬೆಳಿಗ್ಗೆ ಬೆಳಿಗ್ಗೆಯೇ ಅವನ ಅಂಗಡಿ ಮುಂದೆ ಜನವೋ ಜನ. ಔಷಧಿ ಅಂಗಡಿಯಾಕೆ ಚಹಾ ತರಿಸಿದ್ದಳು, ಇಸ್ತ್ರಿಯವನು ಸ್ಟೂಲು ಹಾಕಿಕೊಟ್ಟಿದ್ದ. ಮಧ್ಯದಲ್ಲಿ ಕೋಟಣ್ಣ ಮದುವೆ ಗಂಡಿನ ಹಾಗೆ ಕೂತಿದ್ದ.

"ನನ್ನ ಹೆಸರು ಕಂಡ್ರೆ ಜನ ಕಣ್ಣುಮುಚ್ಚಿ ದುಡ್ಡು ಕಳಿಸ್ತಾರೆ ಅಂತ ಕಳ್ಳನಿಗೂ ಗೊತ್ತಲ್ಲ! ಫೋನ್ ಮಾಡಿ ಕೇಳದೆ ಯಾರಿಗೂ ಒಂದು ಪೈಸೆ ಕಳಿಸಬೇಡಿ. ಫೋನಿಗೆ ಬರೋ ಕೋಡ್ ಅಂತೂ ಹೆತ್ತ ತಾಯಿ ಕೇಳಿದ್ರೂ ಕೊಡಬೇಡಿ."

ಈಚೆ ಅಂಗಡಿಯಲ್ಲಿ ನಮ್ಮ ಟೈಲರ್ ಒಬ್ಬನೇ ಕಾಲರ್ ಕತ್ತರಿಸುತ್ತ ಇದನ್ನೆಲ್ಲ ನೋಡಿದ. ಹೊಟ್ಟೆ ಧಗಧಗ ಉರಿಯಿತು. ತನಗೇನು ಕಮ್ಮಿ? ಗಿರಾಕಿಗಳೆಲ್ಲ ಅಳತೆ, ಡಿಸೈನು ಕಳಿಸುವುದು ತನ್ನ ಖಾತೆಗೇ. ಅಂಗಡಿ ನಡೆಯುತ್ತಿರುವುದೇ ಅದರಿಂದ. ಆದರೂ ಒಬ್ಬ ಕಳ್ಳನೂ ಈ ಕಡೆ ತಿರುಗಿ ನೋಡಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದರೆ ಹೆಂಡತಿಯ ಬಾಯಲ್ಲೂ ಕೋಟಣ್ಣನೇ.

"ನನ್ನ ಹೆಸರಲ್ಲಿ ಯಾಕೆ ಯಾರೂ ಮಾಡಿಲ್ಲ?" ಎಂದು ಸಿಡುಕಿದ.

"ನಿಮ್ಮ ಹೆಸರು ಹೇಳಿದ್ರೆ ಯಾರ್ರೀ ದುಡ್ಡು ಕೊಡ್ತಾರೆ? ಕಳ್ಳನಿಗೂ ಲಾಭ-ನಷ್ಟ ಇರಲ್ವಾ?"

ಅರ್ಧ ಊಟಕ್ಕೇ ಎದ್ದ. ಅಂಗಡಿಗೆ ಬಂದವನೇ ಹಳೆಯ ಫೋನು ಹುಡುಕಿ ತೆಗೆದು, ತನ್ನ ಹೆಸರಲ್ಲಿ ತಾನೇ ಒಂದು ನಕಲಿ ಖಾತೆ ತೆರೆದ. ಅಸಲಿ ಖಾತೆಯಲ್ಲಿ ಬರೀ ಕತ್ತರಿಯ ಚಿತ್ರವಿತ್ತು. ನಕಲಿಗೆ, ಇರುವುದರಲ್ಲಿ ಚೆನ್ನಾಗಿ ಕಾಣುವ ತನ್ನದೊಂದು ಫೋಟೋ ಹಾಕಿದ. "ದಯವಿಟ್ಟು ದುಡ್ಡು ಕಳಿಸಿ" ಎಂದು ಬೀದಿಗೆಲ್ಲ ಹಂಚಿ, ಜನ ಓಡಿಬರಲಿ ಎಂದು ಕಾದು ಕೂತ. ಒಂದು ನರಪಿಳ್ಳೆಯೂ ಬರಲಿಲ್ಲ. ತಡೆಯಲಾರದೆ ತಾನೇ ಎದ್ದು ಇಸ್ತ್ರಿಯವನ ಹತ್ತಿರ ಹೋದ.

"ನನ್ನ ಹೆಸರಲ್ಲಿ ದುಡ್ಡು ಕೇಳಿ ಮೆಸೇಜ್ ಏನಾದ್ರೂ ಬಂತಾ?"

"ಬಂತಲ್ಲ."

"ಅನುಮಾನ ಬರ್ಲಿಲ್ವಾ?"

"ಯಾಕೆ ಬರುತ್ತೆ? ಸಾಲ ಕೇಳೋದು ನಿಮಗೇನು ಹೊಸದಾ? ಯಾವತ್ತಿನ ಹಾಗೆ ನೋಡಿ ಸುಮ್ಮನಾದೆ."

ಪಕ್ಕದಲ್ಲಿದ್ದ ಔಷಧಿ ಅಂಗಡಿಯಾಕೆ, "ನನಗೂ ಬಂತು. ದಯವಿಟ್ಟು ಅಂತ ಬೇರೆ ಇತ್ತು! ಇವರಿಗೆ ಇಷ್ಟು ಮರ್ಯಾದೆ ಯಾವಾಗ ಬಂತು ಅಂದ್ಕೊಂಡೆ," ಎಂದಳು.

"ಅಯ್ಯೋ, ಅದು ನಾನಲ್ಲ! ಯಾರೋ ನನ್ನ ಹೆಸರು ಕದ್ದಿದ್ದಾರೆ!" ಎಂದು ಟೈಲರ್ ನಡುಬೀದಿಯಲ್ಲಿ ಕಿರುಚಿದ.

ಆಗ ಸೇರಿದರು ನೋಡಿ ಜನ! ಸ್ಟೂಲು ಬಂತು, ಚಹಾ ಬಂತು. ಅವನು ಸುಖವಾಗಿ ಎರಡು ಗುಟುಕು ಕುಡಿಯುವಷ್ಟರಲ್ಲಿ ಕೋಟಣ್ಣ ಜನರನ್ನು ಸರಿಸಿಕೊಂಡು ಬಂದ.

"ಗಾಬರಿಯಾಗಬೇಡಿ, ನಾನಿದ್ದೀನಿ. ಎಲ್ಲರೂ ಫೋನ್ ತೆಗೀರಿ. ಒಟ್ಟಿಗೆ ದೂರು ಕೊಟ್ರೆ ಕಂಪನಿಯವರು ನಕಲಿ ಖಾತೆ ತೆಗೆದುಹಾಕ್ತಾರೆ."

"ಇಲ್ಲಿ ಎರಡಿವೆಯಲ್ಲ. ಒಂದರಲ್ಲಿ ಮುಖ ಇದೆ, ಇನ್ನೊಂದರಲ್ಲಿ ಬರೀ ಕತ್ತರಿ," ಎಂದ ಇಸ್ತ್ರಿಯವನು.

"ಮುಖ ಮುಚ್ಚಿಕೊಂಡವನೇ ಕಳ್ಳ! ಒತ್ತಿ ಕತ್ತರಿಯನ್ನ!" ಎಂದ ಕೋಟಣ್ಣ.

"ಅಯ್ಯಯ್ಯೋ, ಕತ್ತರೀನೇ ನಾನು!" ಟೈಲರ್ ಚಹಾ ಚೆಲ್ಲಿಕೊಂಡು ಎದ್ದ.

"ಪಾಪ, ಗಾಬರಿಗೆ ಏನೇನೋ ಮಾತಾಡ್ತಿದ್ದಾರೆ," ಎಂದು ಔಷಧಿ ಅಂಗಡಿಯಾಕೆ ಅವನನ್ನು ಹಿಡಿದು ಕೂರಿಸಿದಳು. ಅಷ್ಟರಲ್ಲಿ ಎಲ್ಲರೂ ಒತ್ತಿಯಾಗಿತ್ತು.

ಸಂಜೆ ಕಂಪನಿಯಿಂದ ಉತ್ತರ ಬಂತು: "ಬೇರೊಬ್ಬರ ಸೋಗು ಹಾಕಿದ್ದಕ್ಕಾಗಿ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ." ಅಳತೆಗಳು, ಡಿಸೈನುಗಳು, ಗಿರಾಕಿಗಳ ವಿಳಾಸ, ಎಲ್ಲ ಹೋಯಿತು. ಉಳಿದ ನಕಲಿಯನ್ನು ತನ್ನದೆಂದು ಹೇಳಿಕೊಳ್ಳುವ ಹಾಗೂ ಇಲ್ಲ. ಟೈಲರ್ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಕೋಟಣ್ಣ ಮೆಲ್ಲಗೆ ಒಳಗೆ ಬಂದ.

"ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ ಕಣ್ರೀ."

"ನನ್ನನ್ನಾ?"

"ಯಾರಿಗೂ ಹೇಳಬೇಡಿ. ನನ್ನ ನಕಲಿ ಖಾತೆ ಮಾಡಿದ್ದು ನಾನೇ. ಈಗ ಕೋಟು ಯಾರು ಹೊಲಿಸ್ತಾರೆ? ಹಾಗಾದ್ರೂ ನಾಲ್ಕು ಜನ ಅಂಗಡಿ ಮೆಟ್ಟಿಲು ಹತ್ತಲಿ ಅಂತ. ನಿಮಗೆ ನಿಜವಾದ ಕಳ್ಳನೇ ಬಂದನಲ್ಲ, ಪುಣ್ಯ ಮಾಡಿದ್ದೀರಿ!"

ಕೋಟಣ್ಣನ ಹೊಟ್ಟೆ ತನ್ನನ್ನು ನೋಡಿ ಉರಿಯುತ್ತಿದೆ! ಇಂಥ ಸುಖವನ್ನು ಟೈಲರ್ ಜನ್ಮದಲ್ಲಿ ಕಂಡಿರಲಿಲ್ಲ. ನಿಜ ಹೇಳಲು ಮನಸ್ಸೇ ಬರಲಿಲ್ಲ.

"ಏನು ಮಾಡೋದು, ಹೆಸರಿದ್ದೋರಿಗೆ ಇದೆಲ್ಲ ತಪ್ಪಿದ್ದಲ್ಲ," ಎಂದು ಬೀಗಿದ.

ಕೋಟಣ್ಣನ ಫೋನು ಟಿಣ್ ಎಂದಿತು. ಹಿಂದೆಯೇ ಇನ್ನೊಂದು ಸಲ, ಮತ್ತೊಂದು ಸಲ.

"ನಿಮ್ಮ ಗಿರಾಕಿಗಳು. ನಿಮ್ಮ ಖಾತೆ ಸಿಗ್ತಿಲ್ಲವಂತೆ, ಅಳತೆ ನನಗೇ ಕಳಿಸ್ತಿದ್ದಾರೆ," ಎಂದು ಕೋಟಣ್ಣ ಎದ್ದ. "ನಾಲ್ಕು ಜನ ನನ್ನ ಕಡೆ ಬಂದ್ರೆ ನಿಮಗೇನು ಬಿಡಿ. ಹೆಸರಿದ್ದೋರು!"